ಕಬ್ಬು ಕಡಿಯಲೊಲ್ಲದ ಕ್ರಿಸ್‌ಮಸ್: ಗುಲಾಮಗಿರಿ ರದ್ದತಿ ಲೇಖನದಲ್ಲಿ ಬಿಟ್ಟುಹೋದದ್ದು

ಮಾನ್ಯ ಸಂಪಾದಕರೇ,

ಗುಲಾಮಗಿರಿ ರದ್ದತಿಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನದ ಭಾಷೆ ಚೆನ್ನಾಗಿದೆ, ಚರಿತ್ರೆ ಮಾತ್ರ ಅರ್ಧಕ್ಕೇ ನಿಂತಿದೆ. ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್ ಹಟ ಹಿಡಿದರು, ಸಂಸತ್ತಿನ ಮನಸ್ಸು ಕರಗಿತು, 1833ರಲ್ಲಿ ಕಾಯ್ದೆ ಬಂತು, ಬ್ರಿಟಿಷ್ ವಸಾಹತುಗಳ ಎಂಟು ಲಕ್ಷದಷ್ಟು ಗುಲಾಮರು ಬಿಡುಗಡೆಯಾದರು ಎಂಬಲ್ಲಿಗೆ ಅದು ಮುಗಿಯುತ್ತದೆ. ವಿಲ್ಬರ್‌ಫೋರ್ಸ್ 1825ರಲ್ಲೇ ಸಂಸತ್ತು ಬಿಟ್ಟಿದ್ದರು. ಕೊನೆಯ ಹಂತದಲ್ಲಿ ಸದನದೊಳಗೆ ಗುದ್ದಾಡಿದ್ದು ಥಾಮಸ್ ಫೊವೆಲ್ ಬಕ್ಸ್‌ಟನ್. ಅದು ಹೋಗಲಿ. ಇಷ್ಟುದ್ದದ ಬರಹದಲ್ಲಿ ಗುಲಾಮರು ತಾವಾಗಿ ಏನಾದರೂ ಮಾಡಿದರು ಎಂಬ ಒಂದು ವಾಕ್ಯವೂ ಇಲ್ಲ. ಕಾಯ್ದೆಗೆ ಇಪ್ಪತ್ತು ತಿಂಗಳ ಮೊದಲು ಕೆರಿಬಿಯನ್ ದ್ವೀಪ ಜಮೈಕಾದಲ್ಲಿ ಗುಲಾಮರು ಹೂಡಿದ ಮುಷ್ಕರ, ಎತ್ತಿದ ದಂಗೆಯನ್ನು ಬಿಟ್ಟರೆ, ದಶಕಗಳಿಂದ ಕುಂಟುತ್ತಿದ್ದ ಆ ಕೆಲಸ 1833ರಲ್ಲೇ ಏಕೆ ಕೈಗೂಡಿತು ಎಂಬುದು ಯಾರಿಗೂ ಅರ್ಥವಾಗದು.

ಆಗ ಜಮೈಕಾದಲ್ಲಿದ್ದ ಗುಲಾಮರು ಮೂರು ಲಕ್ಷಕ್ಕೂ ಹೆಚ್ಚು. ಬಿಳಿಯರು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಕಬ್ಬಿನ ಕಟಾವು ಅಲ್ಲಿ ಕ್ರಿಸ್‌ಮಸ್ ರಜೆ ಮುಗಿದೊಡನೆ ಶುರುವಾಗಿ ಮೇ, ಜೂನ್‌ವರೆಗೂ ಎಳೆಯುತ್ತಿತ್ತು. ಮಂಡ್ಯದ ಕಡೆಯ ಓದುಗರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ: ಬೆಳೆದು ನಿಂತ ಕಬ್ಬು ಹೆಚ್ಚು ದಿನ ಕಾಯದು, ಕಡಿದ ಕಬ್ಬು ಎರಡು ದಿನವೂ ಕಾಯದು, ಹಿಂಡಿದ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಅದಕ್ಕೇ ಕಟಾವಿನ ತಿಂಗಳುಗಳಲ್ಲಿ ಗಾಣ ರಾತ್ರಿಯೂ ನಿಲ್ಲುತ್ತಿರಲಿಲ್ಲ. ಹಗಲು ಹೊಲದಲ್ಲಿ ಕಡಿದವರೇ ಸರದಿಯ ಮೇಲೆ ರಾತ್ರಿ ಕೊಪ್ಪರಿಗೆಯ ಮುಂದೆ ನಿಲ್ಲಬೇಕಿತ್ತು. ಒಲೆಗೆ ಉರುವಲು ಒಣಗಿಸಿದ ಕಬ್ಬಿನ ಸಿಪ್ಪೆ. ಅದನ್ನು ಕೂಡಿಡಲು ಪ್ರತಿ ತೋಟದಲ್ಲೂ ಪ್ರತ್ಯೇಕ ಕೊಟ್ಟಿಗೆ. ತೋಟದ ದೊರೆಯ ಇಡೀ ವರ್ಷದ ಆದಾಯ ಈ ಐದಾರು ತಿಂಗಳಿಗೆ ನೇತುಹಾಕಿಕೊಂಡಿತ್ತು. ಡಿಸೆಂಬರ್ ಕೊನೆಯ ವಾರದಲ್ಲಿ ಕೈ ಕಟ್ಟಿ ಕೂತರೆ ದೊರೆಗೆ ಎಲ್ಲಿ ತಾಗುತ್ತದೆ ಎಂಬುದು ಕೆಲಸ ಮಾಡುವವರಿಗೆ ಲೆಕ್ಕದ ಗುಮಾಸ್ತನಿಗಿಂತ ಚೆನ್ನಾಗಿ ಗೊತ್ತಿತ್ತು. ಅದೇ ಕೊಟ್ಟಿಗೆಗೆ ಒಂದು ಕಿಡಿ ಬಿದ್ದರೆ ಆ ಹಂಗಾಮಿನ ಉರುವಲೇ ಇಲ್ಲ ಎಂಬುದೂ ಗೊತ್ತಿತ್ತು.

ಈ ಲೆಕ್ಕವನ್ನು ಯೋಜನೆಯಾಗಿ ಕಟ್ಟಿದವನು ಸ್ಯಾಮ್ ಶಾರ್ಪ್. ಮಾಂಟೆಗೊ ಬೇ ಪಟ್ಟಣದ ಗುಲಾಮ. ಓದು ಬರಹ ಬಲ್ಲವನು. ಥಾಮಸ್ ಬರ್ಚೆಲ್ ಎಂಬ ಮಿಷನರಿಯ ಬ್ಯಾಪ್ಟಿಸ್ಟ್ ಪಂಗಡದ ಪ್ರಾರ್ಥನಾಮಂದಿರದಲ್ಲಿ ಡೀಕನ್, ಅಂದರೆ ಪಾದ್ರಿಗೆ ನೆರವಾಗುವ ಮುಖಂಡ. ಲಂಡನ್ನಿನ ಸಂಸತ್ತಿನಲ್ಲಿ ನಡೆಯುತ್ತಿದ್ದ ಚರ್ಚೆಯನ್ನು ಪತ್ರಿಕೆಗಳಲ್ಲಿ ಓದಿ ಉಳಿದವರಿಗೆ ಹೇಳುತ್ತಿದ್ದ. ಸಂಘಟನೆಗೆ ಅವನು ಹೊಸದೇನನ್ನೂ ಕಟ್ಟಬೇಕಾಗಿರಲಿಲ್ಲ. ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಸದಸ್ಯರಿಗೆ ಟಿಕೆಟ್ ಕೊಡುವ, ಅವರನ್ನು ಗುಂಪು ಮಾಡಿ ಒಬ್ಬೊಬ್ಬ ಗುಲಾಮ ಮುಖಂಡನಿಗೆ ಒಪ್ಪಿಸುವ ಪದ್ಧತಿ ಮೊದಲೇ ಇತ್ತು. ಮಿಷನರಿಗಳು ಬೆರಳೆಣಿಕೆಯಷ್ಟು, ತೋಟಗಳು ನೂರಾರು. ಆದ್ದರಿಂದ ದಿನನಿತ್ಯದ ಉಸ್ತುವಾರಿಯೆಲ್ಲ ಈ ಮುಖಂಡರ ಕೈಲೇ ಇತ್ತು. ಒಂದು ತೋಟದವರು ಇನ್ನೊಂದು ತೋಟಕ್ಕೆ ಹೋಗಲು ಪ್ರಾರ್ಥನೆ ಒಂದು ನೆಪ, ಭಾನುವಾರದ ಸಂತೆ ಇನ್ನೊಂದು. ಗುಲಾಮರು ತಮಗೆಂದು ಬಿಟ್ಟ ಗುಡ್ಡದ ತುಂಡು ನೆಲದಲ್ಲಿ ಗೆಡ್ಡೆಗೆಣಸು ಬೆಳೆದು ಈ ಸಂತೆಯಲ್ಲಿ ಮಾರುತ್ತಿದ್ದರು. ದೊರೆಗಳಿಗೆ ಅನ್ನದ ಖರ್ಚು ಉಳಿಯುತ್ತಿತ್ತು, ಅದಕ್ಕೇ ಸುಮ್ಮನಿದ್ದರು. ಆ ದಾರಿಯಲ್ಲಿ ಗೆಣಸಿನ ಜೊತೆ ಸುದ್ದಿಯೂ ಓಡಾಡಿತು.

ಪ್ರಾರ್ಥನೆ ಮುಗಿದ ಮೇಲೆ ಕೆಲವರನ್ನು ಉಳಿಸಿಕೊಂಡು ಬೈಬಲ್ ಮುಟ್ಟಿಸಿ ಆಣೆ ಮಾಡಿಸುತ್ತಿದ್ದರು. ಆಣೆಯ ಸಾರ ಇಷ್ಟು: ಕ್ರಿಸ್‌ಮಸ್ ಕಳೆದ ಮೇಲೆ ಕೂಲಿ ಕೊಡದೆ ಕೆಲಸಕ್ಕೆ ಇಳಿಯುವುದಿಲ್ಲ. ಶಾರ್ಪ್‌ನ ಮೊದಲ ಯೋಜನೆಯಲ್ಲಿ ಬೆಂಕಿ ಇರಲಿಲ್ಲ, ಕೊಲೆ ಇರಲಿಲ್ಲ. ಕೂತಲ್ಲಿ ಕೂರುವುದು, ಮೇಲ್ವಿಚಾರಕನಿಗೆ ಕೂಲಿಯ ಮಾತು ಆಡುವುದು. ಬಲವಂತಕ್ಕೆ ಬಂದರೆ ಎದುರು ನಿಲ್ಲಲು ಮಾತ್ರ ಒಂದು ಸಣ್ಣ ಸಶಸ್ತ್ರ ಪಡೆ. ಆ ಪಡೆಗೆ ಮುಂದೆ ಕಪ್ಪು ರೆಜಿಮೆಂಟ್ ಎಂಬ ಹೆಸರು ಬಂತು. ರಿಟ್ರೀವ್ ತೋಟದ ಜಾನ್ಸನ್ ಅದರ ನಾಯಕ. ಜನ 150ರಷ್ಟು, ಬಂದೂಕು 50ರಷ್ಟು.

ಇದಕ್ಕೆಲ್ಲ ತುಪ್ಪ ಸುರಿದವರು ತೋಟದ ಮಾಲೀಕರೇ. 1831ರ ಮಧ್ಯಭಾಗದಿಂದ ಅವರು ಊರೂರಲ್ಲಿ ಬಹಿರಂಗ ಸಭೆ ಸೇರಿ, ಲಂಡನ್ ನಮ್ಮ ಆಸ್ತಿ ಕಸಿಯಲು ಹೊರಟಿದೆ, ಬೇಕಾದರೆ ಅಮೆರಿಕದ ಜೊತೆ ಸೇರುತ್ತೇವೆ ಎಂದು ಗುಡುಗುತ್ತಿದ್ದರು. ಊಟ ಬಡಿಸುವವರು, ಕುದುರೆ ಹಿಡಿಯುವವರು ಕಿವುಡರಲ್ಲ. ದೊರೆಗಳು ಇಷ್ಟು ಕೂಗಾಡಬೇಕಾದರೆ ರಾಜ ನಮ್ಮನ್ನು ಬಿಟ್ಟಿರಲೇಬೇಕು, ಕಾಗದವನ್ನು ಇವರು ಮುಚ್ಚಿಟ್ಟಿದ್ದಾರೆ ಎಂಬ ತೀರ್ಮಾನಕ್ಕೆ ಬರಲು ದೊಡ್ಡ ತರ್ಕವೇನೂ ಬೇಕಿರಲಿಲ್ಲ. ಬಿಡುಗಡೆಯ ಸುದ್ದಿ ಸುಳ್ಳು ಎಂದು ಸಾರುವ ರಾಜನ ಘೋಷಣೆ ಜೂನ್‌ನಲ್ಲೇ ತಯಾರಾಗಿತ್ತು. ಗವರ್ನರ್ ಬೆಲ್ಮೋರ್ ಅದನ್ನು ಪ್ರಕಟಿಸಿದ್ದು ಡಿಸೆಂಬರ್ 22ಕ್ಕೆ! ಆ ಹೊತ್ತಿಗೆ ಅದನ್ನು ನಂಬುವವರು ಯಾರೂ ಉಳಿದಿರಲಿಲ್ಲ.

ರಾಜ ಬಿಟ್ಟ, ದೊರೆ ಬಚ್ಚಿಟ್ಟ ಎಂಬ ಈ ನಂಬಿಕೆಯನ್ನು ಮೂಢರ ವದಂತಿ ಎಂದು ತಳ್ಳಿಹಾಕುವವರಿದ್ದಾರೆ. ಅದು ತಪ್ಪು. 1816ರಲ್ಲಿ ಬಾರ್ಬಡೋಸ್‌ನಲ್ಲೂ ಇದೇ ನಡೆದಿತ್ತು. ಗುಲಾಮರನ್ನು ಕಡ್ಡಾಯವಾಗಿ ನೋಂದಾಯಿಸುವ ಮಸೂದೆಯೊಂದು ಲಂಡನ್ನಿನಲ್ಲಿ ಬಂದಾಗ ಮಾಲೀಕರು ಅಬ್ಬರಿಸಿದರು. ಸಿಮನ್ಸ್ ತೋಟದಲ್ಲಿ ಮನೆಗೆಲಸಕ್ಕಿದ್ದ ನ್ಯಾನಿ ಗ್ರಿಗ್ ಪತ್ರಿಕೆ ಓದಿ, ಹೊಸವರ್ಷಕ್ಕೆ ಬಿಡುಗಡೆಯಂತೆ ಎಂದು ಹೇಳಿದಳು. ಬರದಿದ್ದಾಗ, ಸ್ಯಾನ್ ಡೊಮಿಂಗ್‌ನವರು, ಅಂದರೆ ಇಂದಿನ ಹೈಟಿಯ ಗುಲಾಮರು, ಮಾಡಿದಂತೆ ಬೆಂಕಿ ಹಚ್ಚಿ ಪಡೆಯಬೇಕು ಎಂದಳು. ಏಪ್ರಿಲ್ 14, ಈಸ್ಟರ್ ಭಾನುವಾರದ ರಾತ್ರಿ ಸೇಂಟ್ ಫಿಲಿಪ್ ಭಾಗದಲ್ಲಿ ಕಬ್ಬಿನ ರವದಿಯ ರಾಶಿಗಳಿಗೆ ಬೆಂಕಿ ಬಿತ್ತು. ಅದೇ ಸಂಕೇತ. ಅದರ ಮುಂದಾಳು, ಬೇಲೀಸ್ ತೋಟದ ಬಸ್ಸಾನ ಹೆಸರಿನಲ್ಲಿ ಆ ದಂಗೆ ಇಂದಿಗೂ ನೆನಪಿದೆ. ದ್ವೀಪದ ಕಬ್ಬಿನ ನಾಲ್ಕನೇ ಒಂದು ಪಾಲು ಸುಟ್ಟಿತು, ದಂಗೆ ಕೆಲವೇ ದಿನಗಳಲ್ಲಿ ಮುಗಿಯಿತು. ಬಾರ್ಬಡೋಸ್ ಚಪ್ಪಟೆ ನೆಲ. ಓಡಿ ಅಡಗಲು ಕಾಡಿಲ್ಲ, ಬೆಟ್ಟವಿಲ್ಲ. ಬಿಳಿಯರ ಸಂಖ್ಯೆ ಬೇರೆ ದ್ವೀಪಗಳಿಗಿಂತ ಹೆಚ್ಚು.

1823ರ ಡೆಮೆರಾರಾದಲ್ಲಿ, ಅಂದರೆ ಇಂದಿನ ಗಯಾನಾದಲ್ಲಿ, ಕಾಗದ ನಿಜವಾಗಿಯೂ ಇತ್ತು. ಹೆಂಗಸರಿಗೆ ಚಾವಟಿ ಬೀಸಬಾರದು, ಹೊಲಕ್ಕೆ ಚಾವಟಿ ಒಯ್ಯಬಾರದು ಎಂಬ ಲಂಡನ್ನಿನ ಸೂಚನೆ ಬಂದು ತಲುಪಿತ್ತು, ಆದರೆ ಅದನ್ನು ಗುಲಾಮರಿಗೆ ತಿಳಿಸದೆ ಇಟ್ಟುಕೊಂಡರು. ಆಗಸ್ಟ್ 18ರಂದು ಸಕ್ಸೆಸ್ ಎಂಬ ತೋಟದಿಂದ ಎದ್ದ ದಂಗೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಜ್ಯಾಕ್ ಗ್ಲಾಡ್‌ಸ್ಟನ್ ಮತ್ತು ಅವನ ತಂದೆ ಕ್ವಾಮಿನಾ ಮುಂದಿದ್ದವರು. ಮಾಲೀಕರನ್ನು ಕೊಲ್ಲದೆ, ಗುಲಾಮರನ್ನು ಕೂಡಿಹಾಕಲು ಇಟ್ಟಿದ್ದ ಮರದ ಕೋಳಗಳಲ್ಲಿ ಅವರ ಕಾಲನ್ನೇ ಸಿಕ್ಕಿಸಿ ಬಂದೂಕು ಕಿತ್ತುಕೊಂಡರು. ಸತ್ತ ಬಿಳಿಯರು ಎರಡು ಮೂರು. ಬ್ಯಾಚಲರ್ಸ್ ಅಡ್ವೆಂಚರ್ ಎಂಬಲ್ಲಿ ಸೈನ್ಯ ಎದುರಾದಾಗ ವಾರದಲ್ಲಿ ಕೆಲವು ದಿನ ತಮಗೆ ಬಿಡಬೇಕು ಎಂದು ಚೌಕಾಸಿ ನಡೆಸಿದರು, ಉತ್ತರ ಗುಂಡಿನದು. ಒಟ್ಟು ಇನ್ನೂರರ ಸುಮಾರು ಕಪ್ಪು ಜನ ಸತ್ತರು. ಇಂಗ್ಲೆಂಡಿನಲ್ಲಿ ಗದ್ದಲ ಎದ್ದದ್ದು ಮಾತ್ರ ಆ ಸಂಬಂಧ ಮರಣದಂಡನೆಗೆ ಗುರಿಯಾಗಿ 1824ರ ಫೆಬ್ರವರಿಯಲ್ಲಿ ಜೈಲಿನಲ್ಲೇ ಸತ್ತ ಒಬ್ಬ ಬಿಳಿಯ ಪಾದ್ರಿ ಜಾನ್ ಸ್ಮಿತ್‌ಗಾಗಿ. ಲೋಕದ ಕರುಣೆಗೂ ಒಂದು ಬಣ್ಣವಿರುತ್ತದೆ.

ಜಮೈಕಾಕ್ಕೆ ಬರೋಣ. 1831ರ ಡಿಸೆಂಬರ್ 27, ಮಂಗಳವಾರ ರಾತ್ರಿ ಮಾಂಟೆಗೊ ಬೇ ಮೇಲಿನ ಗುಡ್ಡದ ಕೆನ್ಸಿಂಗ್ಟನ್ ತೋಟ ಹೊತ್ತಿ ಉರಿಯಿತು. ಅದನ್ನು ಕಂಡು ಗುಡ್ಡದಿಂದ ಗುಡ್ಡಕ್ಕೆ ಬೆಂಕಿ ಹಬ್ಬಿತು. ಪಶ್ಚಿಮ ಜಮೈಕಾದ ಸೇಂಟ್ ಜೇಮ್ಸ್, ಹ್ಯಾನೋವರ್, ಟ್ರೆಲಾನಿ, ವೆಸ್ಟ್‌ಮೋರ್‌ಲ್ಯಾಂಡ್ ಭಾಗಗಳ ಸಾವಿರಾರು ಜನ ಕೆಲಸ ಬಿಟ್ಟರು. ಸಾಮಾನ್ಯವಾಗಿ ಹೇಳುವ ಅಂದಾಜು 60,000ದವರೆಗೆ ಹೋಗುತ್ತದೆ. ಮೊದಲ ದಿನಗಳಲ್ಲಿ ಮಾಲೀಕರ ಮಿಲಿಷಿಯಾ, ಅಂದರೆ ಸ್ಥಳೀಯ ನಾಗರಿಕ ಪಡೆ, ಮಾಂಟ್‌ಪೀಲಿಯರ್ ಬಳಿ ಕಪ್ಪು ರೆಜಿಮೆಂಟಿನೊಡನೆ ಕಾದಾಡಿ, ನೆಲೆ ಬಿಟ್ಟು ಮಾಂಟೆಗೊ ಬೇಗೆ ಹಿಂದೆಗೆಯಿತು. ಕೆಲವು ದಿನ ಒಳನಾಡು ಗುಲಾಮರ ಕೈಯಲ್ಲೇ ಇತ್ತು.

ಸೋಲಿಗೆ ಕಾರಣಗಳನ್ನು ಹುಡುಕಿದರೆ ಮೊದಲು ಸಿಗುವುದು ಆ ಬೆಂಕಿಯೇ. ಮುಷ್ಕರಕ್ಕೆ ಬೇಕಾದದ್ದು ಸದ್ದಿಲ್ಲದೆ ಕೂರುವ ತಾಳ್ಮೆ. ಬೆಂಕಿ ಬಿದ್ದ ಕ್ಷಣವೇ ಅದು ಸರ್ಕಾರದ ಕಣ್ಣಿಗೆ ಯುದ್ಧವಾಯಿತು, ಸೇನಾಡಳಿತ ಜಾರಿಗೆ ಬಂತು. ಕೂಲಿ ಕೇಳಿ ಸುಮ್ಮನೆ ಕೂತ ತೋಟದವರಿಗೂ ಕೊಳ್ಳಿ ಹಿಡಿದವರಿಗೂ ಆಮೇಲೆ ಯಾವ ನ್ಯಾಯಾಲಯವೂ ವ್ಯತ್ಯಾಸ ಮಾಡಲಿಲ್ಲ. ಸಾವಿರಾರು ಜನರನ್ನು ಆಣೆಯೊಂದರಿಂದ ಕಟ್ಟಿಹಾಕಬಹುದು, ಆದರೆ ತಲೆಮಾರುಗಳ ಸಿಟ್ಟನ್ನು ಒಬ್ಬನ ಮಾತಿನಿಂದ ತಡೆಯಲಾಗದು. ಶಾರ್ಪ್ ಇದ್ದದ್ದು ಒಂದೇ ಕಡೆ, ತೋಟಗಳು ನೂರಾರು ಕಡೆ. ಎರಡನೆಯದು ಮದ್ದುಗುಂಡು. 1760ರಲ್ಲಿ ಟ್ಯಾಕಿ ಇದೇ ದ್ವೀಪದ ಪೋರ್ಟ್ ಮರಿಯಾದಲ್ಲಿ ದಂಗೆ ಎತ್ತಿದಾಗ ಮೊಟ್ಟಮೊದಲು ನುಗ್ಗಿದ್ದು ಕೋಟೆಗೆ, ಎತ್ತಿದ್ದು ಮದ್ದಿನ ಪೀಪಾಯಿಗಳನ್ನು ಮತ್ತು ಸುಮಾರು 40 ಬಂದೂಕುಗಳನ್ನು. ಆಫ್ರಿಕದಲ್ಲಿ ಯುದ್ಧ ಕಂಡವರ ದಂಗೆ ಅದು. 1831ರವರು ಹೆಚ್ಚಾಗಿ ಜಮೈಕಾದಲ್ಲೇ ಹುಟ್ಟಿದವರು. ಕೋಟೆ ಹಿಡಿಯುವ ಯೋಚನೆ ಅವರದಲ್ಲ, ಚೌಕಾಸಿಯ ಯೋಚನೆ. ಚೌಕಾಸಿ ಮುರಿದಾಗ ಕೈಯಲ್ಲಿದ್ದದ್ದು ಕಬ್ಬು ಕಡಿಯುವ ಕತ್ತಿ.

ಮೂರನೆಯದು ಮರೂನರು. ಇವರು ತೋಟಗಳಿಂದ ತಪ್ಪಿಸಿಕೊಂಡು ಬೆಟ್ಟಗಳಲ್ಲಿ ನೆಲೆಸಿದವರ ಸಂತತಿ. ಬ್ರಿಟಿಷರಿಗೆ ಅವರನ್ನು ಗೆಲ್ಲಲಾಗದೆ 1739ರಲ್ಲಿ ಒಪ್ಪಂದ ಮಾಡಿಕೊಂಡರು: ಭೂಮಿ ನಿಮ್ಮದು, ಸ್ವಾತಂತ್ರ್ಯ ನಿಮ್ಮದು, ಬದಲಿಗೆ ಓಡಿಬಂದ ಗುಲಾಮರನ್ನು ಹಿಡಿದುಕೊಡಬೇಕು, ದಂಗೆಯಾದರೆ ನಮ್ಮ ಪರ ನಿಲ್ಲಬೇಕು. ಟ್ಯಾಕಿಯನ್ನು ಗುಂಡಿಟ್ಟು ಕೊಂದವನು ಒಬ್ಬ ಮರೂನ. 1832ರ ಜನವರಿಯಲ್ಲೂ ಅಕ್ಕಂಪಾಂಗ್ ಮರೂನರು ಸರ್ಕಾರದ ಪಡೆಯೊಡನೆ ಕಾಡು ಜಾಲಾಡಿದರು. ಬೇರೆಲ್ಲ ಪಡೆಗಳಿಗೂ ಆ ಬೆಟ್ಟ ಕುರುಡುದಾರಿ, ಇವರಿಗೆ ಹಿತ್ತಲು. ಬ್ರಿಟಿಷ್ ಆಡಳಿತದ ಇಡೀ ಇತಿಹಾಸದಲ್ಲಿ ಇಷ್ಟು ಅಗ್ಗಕ್ಕೆ ಸಿಕ್ಕ ಕಾವಲು ಇನ್ನೊಂದಿರಲಾರದು.

ನಾಲ್ಕನೆಯದು ಬ್ರಿಟಿಷ್ ಸೇನಾಧಿಪತಿ ಸರ್ ವಿಲ್ಲೊಬಿ ಕಾಟನ್‌ನ ಜಾಣ್ಮೆ. ಸಮುದ್ರದ ಮೂಲಕ ಸೈನ್ಯ ಇಳಿಸಿ, ಜನವರಿ 2ರಂದು ಅವನು ಹೊರಡಿಸಿದ ಘೋಷಣೆಯಲ್ಲಿ ಮುಖಂಡರನ್ನು ಬಿಟ್ಟು ಉಳಿದವರಿಗೆ ಮರಳಿದರೆ ಕ್ಷಮೆ ಎಂದಿತ್ತು. ಜನ ಎರಡು ಪಾಲಾದರು. ತಿರುಗಿ ಬಂದವರ ವಿಷಯದಲ್ಲಿ ಮಾಲೀಕರ ಮಿಲಿಷಿಯಾ ಆ ಮಾತನ್ನು ಉಳಿಸಿಕೊಳ್ಳಲೂ ಇಲ್ಲ.

ಲೆಕ್ಕ ಹೀಗಿದೆ: ಸತ್ತ ಬಿಳಿಯರು 14. ಕಾದಾಟದಲ್ಲಿ ಸತ್ತ ಗುಲಾಮರು ಸುಮಾರು 200. ವಿಚಾರಣೆಯ ಹೆಸರಿನಲ್ಲಿ ನೇಣು ಹಾಕಿದ್ದು, ಗುಂಡಿಕ್ಕಿದ್ದು 300ಕ್ಕೂ ಹೆಚ್ಚು. ಸುಟ್ಟ ಆಸ್ತಿಯ ಮೌಲ್ಯ ಜಮೈಕಾ ಅಸೆಂಬ್ಲಿಯ ಲೆಕ್ಕದಲ್ಲಿ 11 ಲಕ್ಷ ಪೌಂಡ್ ಮೀರಿತ್ತು. ಶಾರ್ಪ್‌ನನ್ನು 1832ರ ಮೇ 23ರಂದು ಮಾಂಟೆಗೊ ಬೇ ಸಂತೆಮಾಳದಲ್ಲಿ ಗಲ್ಲಿಗೇರಿಸಿದರು. ಈಗ ಆ ಚೌಕಕ್ಕೆ ಅವನದೇ ಹೆಸರು. ಗುಲಾಮನಾಗಿ ಬದುಕುವುದಕ್ಕಿಂತ ಅಗೋ ಆ ಗಲ್ಲುಗಂಬದಲ್ಲಿ ಸಾಯುವುದೇ ಲೇಸು ಎಂದು ಅವನು ಜೈಲಿನಲ್ಲಿ ಹೇಳಿದ್ದನ್ನು ಹೆನ್ರಿ ಬ್ಲೆಬಿ ಎಂಬ ಮೆಥಡಿಸ್ಟ್ ಪಾದ್ರಿ ದಾಖಲಿಸಿದ್ದಾನೆ.

ಮಾಲೀಕರು ಗೆದ್ದ ಮೇಲೆ ಮಾಡಿದ ಮೂರ್ಖತನ ದಂಗೆಯಷ್ಟೇ ಫಲ ಕೊಟ್ಟಿತು. ಇದೆಲ್ಲ ಪಾದ್ರಿಗಳ ಕಿತಾಪತಿ ಎಂದು ಕಲೋನಿಯಲ್ ಚರ್ಚ್ ಯೂನಿಯನ್ ಎಂಬ ಕೂಟ ಕಟ್ಟಿ ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮಂದಿರಗಳನ್ನು ಕೆಡವಿದರು, ಮಿಷನರಿಗಳನ್ನು ಬಂಧಿಸಿದರು. ಬಂಧನದಿಂದ ಹೊರಬಂದ ವಿಲಿಯಂ ನಿಬ್ ಅದೇ ವರ್ಷ ಇಂಗ್ಲೆಂಡಿಗೆ ಹೋಗಿ ಊರೂರು ಸುತ್ತಿ ಮಾತಾಡಿದ, ಸಂಸತ್ತಿನ ಎರಡೂ ಸದನಗಳ ಸಮಿತಿಗಳ ಮುಂದೆ ಸಾಕ್ಷಿ ಹೇಳಿದ. ಅಲ್ಲಿಯತನಕ ರದ್ದತಿಯ ವಿರೋಧಿಗಳ ದೊಡ್ಡ ವಾದ, ಗುಲಾಮರನ್ನು ಬಿಟ್ಟರೆ ರಕ್ತಪಾತ ಎಂಬುದಾಗಿತ್ತು. 1832ರ ನಂತರ ಬಿಡದಿದ್ದರೂ ರಕ್ತಪಾತ ಎಂಬುದು ಎಲ್ಲರಿಗೂ ಕಂಡಿತು. ಸ್ಯಾನ್ ಡೊಮಿಂಗ್ ಕಣ್ಣ ಮುಂದಿತ್ತು: 1791ರ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನಲ್ಲಿ ಎದ್ದ ಐದು ಲಕ್ಷ ಗುಲಾಮರ ನಾಡು ಫ್ರೆಂಚರನ್ನು ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರವಾಗಿತ್ತು. ಅಲ್ಲಿ ಗೆಲುವಿಗೆ ಸಂಖ್ಯೆಯೊಂದೇ ಸಾಲಲಿಲ್ಲ. ಬಿಳಿಯರೊಳಗೇ ಒಡಕು, ಫ್ರಾನ್ಸ್, ಸ್ಪೇನ್, ಬ್ರಿಟನ್‌ಗಳ ನಡುವೆ ಯುದ್ಧ, ಕಾಂಗೋ ಕಡೆಯ ಅನುಭವಿ ಸೈನಿಕರು, ಕೊನೆಗೆ ನೆಪೋಲಿಯನ್‌ನ ದಂಡನ್ನು ನುಂಗಿದ ಹಳದಿ ಜ್ವರ ಎಲ್ಲವೂ ಕೂಡಿಬಂದವು. ಜಮೈಕಾದವರಿಗೆ ಇದರಲ್ಲಿ ಒಂದೂ ಇರಲಿಲ್ಲ. ಎದುರಿಗಿದ್ದದ್ದು ಒಡಕಿಲ್ಲದ, ಸಮುದ್ರ ಪೂರ್ತಿ ಹಿಡಿತದಲ್ಲಿದ್ದ ಒಂದೇ ಸಾಮ್ರಾಜ್ಯ.

ದಂಗೆಯೊಂದೇ ಕಾಯ್ದೆ ತಂದಿತು ಎನ್ನುವುದೂ ಅತಿಯಾದೀತು. ಚುನಾವಣೆಯ ಪದ್ಧತಿ ಬದಲಿಸಿದ 1832ರ ಸುಧಾರಣಾ ಕಾಯ್ದೆ ತೋಟದ ದುಡ್ಡಿನಿಂದ ಕೊಂಡ ಸಂಸತ್ತಿನ ಹಲವು ಸ್ಥಾನಗಳನ್ನು ಅಳಿಸಿತು, ಆ ವರ್ಷಾಂತ್ಯದ ಚುನಾವಣೆಯಲ್ಲಿ ರದ್ದತಿಗೆ ಮಾತು ಕೊಟ್ಟವರು ಹೆಚ್ಚಾಗಿ ಗೆದ್ದರು. ಆದರೆ ಆ ಚುನಾವಣೆಯ ಮತದಾರನ ಕಿವಿಯಲ್ಲಿ ಮೊಳಗುತ್ತಿದ್ದದ್ದು ಜಮೈಕಾದ ಸುದ್ದಿಯೇ.

ಇನ್ನು ಕಾಯ್ದೆ ಬಂದೊಡನೆ ಎಲ್ಲರೂ ಬಿಡುಗಡೆಯಾದರು ಎಂಬ ಲೇಖನದ ತಪ್ಪನ್ನು ತಿದ್ದಲೇಬೇಕು. ರಾಜನ ಅಂಕಿತ ಬಿದ್ದದ್ದು 1833ರ ಆಗಸ್ಟ್ 28ಕ್ಕೆ, ಜಾರಿಗೆ ಬಂದದ್ದು 1834ರ ಆಗಸ್ಟ್ 1ಕ್ಕೆ. ಅಂದು ಪೂರ್ತಿ ಬಿಡುಗಡೆ ಸಿಕ್ಕಿದ್ದು ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಉಳಿದವರು ಅಪ್ರೆಂಟಿಸ್ ಎಂಬ ಹೊಸ ಹೆಸರಿನಲ್ಲಿ ಹಳೆಯ ದೊರೆಗೇ ದುಡಿಯಬೇಕಿತ್ತು: ಹೊಲದವರು ಆರು ವರ್ಷ, ಮನೆಗೆಲಸದವರು ನಾಲ್ಕು ವರ್ಷ. ಜಮೈಕಾದಲ್ಲಿ ವಾರಕ್ಕೆ ನಲವತ್ತೂವರೆ ಗಂಟೆ ಬಿಟ್ಟಿ ಚಾಕರಿ. ಆಂಟಿಗಾ, ಬರ್ಮುಡಾ ಮಾತ್ರ ಈ ನಾಟಕ ಆಡದೆ ನೇರವಾಗಿ ಬಿಟ್ಟವು. ವಿರೋಧ ಹೆಚ್ಚಿ ಪದ್ಧತಿ ಅವಧಿಗೆ ಮುನ್ನವೇ ಮುಗಿದದ್ದು 1838ರ ಆಗಸ್ಟ್ 1ರಂದು. ಪರಿಹಾರವಾಗಿ ಎರಡು ಕೋಟಿ ಪೌಂಡ್ ಹಂಚಿದರು, ಮಾಲೀಕರಿಗೆ. ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ಆ ಹಣಕ್ಕಾಗಿ ಎತ್ತಿದ ಸಾಲದ ಕೊನೆಯ ಕಂತನ್ನು ಬ್ರಿಟಿಷ್ ಖಜಾನೆ ತೀರಿಸಿದ್ದು 2015ರಲ್ಲಿ.

ಕನ್ನಡದ ಪತ್ರಿಕೆ ಆದ್ದರಿಂದ ಆ ಕಾಯ್ದೆಯ 64ನೇ ಕಲಮನ್ನಾದರೂ ಲೇಖನ ಹೇಳಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ, ಸಿಲೋನ್ ಮತ್ತು ಸೇಂಟ್ ಹೆಲೆನಾ ದ್ವೀಪಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರಲ್ಲಿದೆ. ಕೆನರಾ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿ ಕಂಪನಿಯ ಕೈಕೆಳಗಿತ್ತು. 1801ರಲ್ಲೇ ಅಲ್ಲಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕನನ್ ಕರಾವಳಿಯ ಬೇಸಾಯದಲ್ಲಿ ದುಡಿಯುತ್ತಿದ್ದ ಗುಲಾಮರ ಬಗ್ಗೆ ಬರೆದಿಟ್ಟಿದ್ದಾನೆ. ಅವರಿಗೆ 1834ರ ಆಗಸ್ಟ್ 1 ಬೇರೆಲ್ಲ ದಿನದಂತೆಯೇ ಕಳೆಯಿತು. 1843ರ 5ನೇ ಕಾಯ್ದೆ ಬಂದಾಗಲೂ ಅದು ಹೇಳಿದ್ದು ಗುಲಾಮನ ಮೇಲಿನ ಹಕ್ಕನ್ನು ಕಂಪನಿಯ ನ್ಯಾಯಾಲಯಗಳು ಮಾನ್ಯ ಮಾಡುವುದಿಲ್ಲ ಎಂದಷ್ಟೆ. ಗುಲಾಮರ ಖರೀದಿ ಮಾರಾಟ ಶಿಕ್ಷಾರ್ಹ ಅಪರಾಧವಾಗಲು 1860ರ ದಂಡಸಂಹಿತೆ ಬರಬೇಕಾಯಿತು.

ಮೇಲೆ ಹೇಳಿದ ಡೆಮೆರಾರಾದ ಸಕ್ಸೆಸ್ ತೋಟದ ಮಾಲೀಕ ಜಾನ್ ಗ್ಲಾಡ್‌ಸ್ಟನ್, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್‌ನ ತಂದೆ. ದಂಗೆಯೆದ್ದ ಜ್ಯಾಕ್‌ಗೆ ಅಂಟಿದ್ದೂ ಅದೇ ಮಾಲೀಕನ ಹೆಸರು. 2,508 ಗುಲಾಮರ ಬಾಬ್ತು ಜಾನ್ ಗ್ಲಾಡ್‌ಸ್ಟನ್‌ಗೆ ಸಿಕ್ಕ ಪರಿಹಾರ 1,06,769 ಪೌಂಡ್. ಬಿಟ್ಟಿ ಆಳು ತಪ್ಪುತ್ತಾರೆಂದು ತಿಳಿದೊಡನೆ ಅವನು ಕಲ್ಕತ್ತಾಕ್ಕೆ ಬರೆದು ಆಳು ಕೇಳಿದ. ವಿಟ್‌ಬಿ ಮತ್ತು ಹೆಸ್ಪೆರಸ್ ಎಂಬ ಎರಡು ಹಡಗುಗಳು ಸುಮಾರು 400 ಭಾರತೀಯರನ್ನು ಹೊತ್ತು ಡೆಮೆರಾರಾ ಮುಟ್ಟಿದ್ದು 1838ರ ಮೇ 5ರಂದು, ಅಂದರೆ ಅಪ್ರೆಂಟಿಸ್ ಪದ್ಧತಿ ಮುಗಿಯಲು ಇನ್ನೂ ಮೂರು ತಿಂಗಳಿರುವಾಗಲೇ. ಅವರ ಮೇಲಿನ ಹೊಡೆತ ಬಡಿತದ ವರದಿ ಬಂದು ಈ ಸಾಗಣೆ ಕೆಲಕಾಲ ನಿಂತಿತು. 1845ರಲ್ಲಿ ಮತ್ತೆ ತೆರೆದಾಗ ಮದ್ರಾಸ್ ಬಂದರಿನಿಂದಲೂ ಹಡಗು ಹೊರಟವು. ಕೆರಿಬಿಯನ್ ತೋಟಗಳ ಮುಂದಿನ ಮುಷ್ಕರಗಳಲ್ಲಿ ಈ ಭಾರತೀಯರ ಪಾತ್ರವೂ ಇದೆ, ಅದು ಪ್ರತ್ಯೇಕ ಲೇಖನಕ್ಕೆ ಸಾಲುವ ವಿಷಯ. ಅದನ್ನು ಬರೆಸುವುದಿದ್ದರೆ ದಯವಿಟ್ಟು ಬಿಡುಗಡೆಯ ವರ್ಷವನ್ನು 1834 ಎನ್ನದೆ 1838 ಎಂದೇ ಅಚ್ಚು ಹಾಕಿ.

ಇತಿ,
ತಮ್ಮ ಪತ್ರಿಕೆಯ ಓದುಗ